ಹದಿನೇಳನೆಯ ಅಂಕಣ

ಹದಿನೇಳನೆಯ ಅಂಕಣಕ್ಕೆ ಮೂರೇ ಗೆರೆ.
“ತೀರಿಸದ ಸಾಲಗಳು, ಇದ್ದಲ್ಲಿ.”
‘ಇದ್ದಲ್ಲಿ’ಯ ಮೇಲೆ ಪೆನ್ನು ಊರಿ ಕೂತೆ,
ಕ್ಯಾಂಟೀನಿನ ಇಡ್ಲಿ ಆರಿ ಕಲ್ಲಾಯಿತು.

ಹನ್ನೊಂದು ವರ್ಷ, ಹಸಿರು ಗೇಟಿನ ಈಚೆ,
ಗೇಜುಗಳ ತಪ್ಪು ಹುಡುಕುವ ಕೆಲಸ ನನ್ನದು.
ಹೊರಗೆ ಜಾಲಹಳ್ಳಿ ಏಪ್ರಿಲ್ಲಿನಲ್ಲಿ ಬೇಯುವಾಗ
ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಸ್ವೆಟರು ತೊಟ್ಟು
ಕೂದಲೆಳೆಯ ಮೂವತ್ತರಲ್ಲೊಂದು ಪಾಲನ್ನು
ಕಾಗದಕ್ಕೆ ಇಳಿಸುತ್ತಿರುತ್ತೇನೆ.

ಗೇಟಿನ ಆಚೆ ಏನಿದೆಯೋ ಗೊತ್ತಿಲ್ಲ.
ಆಚೆಯವರಿಗೆ ಸಂಬಳ ಒಂಬತ್ತು ಸಾವಿರ ಹೆಚ್ಚು,
ಅಷ್ಟು ಗೊತ್ತು.
ಆ ಒಂಬತ್ತು ಸಾವಿರ ಬಂದರೆ ಸಾಲ ತೀರೀತು.
ಸಾಲ ತೀರದೆ ಅದು ಬರುವ ಹಾಗಿಲ್ಲ.

ಮತ್ತಿಕೆರೆಯ ಚೀಟಿ, ಐದು ಲಕ್ಷದ್ದು.
ಎತ್ತಿದವಳು ಯಶೋದಾಮಣಿ, ಪಕ್ಕದ ಮೇಜಿನವಳು,
ಮಗಳ ಕಿವಿಯ ಆಪರೇಷನ್ನಿಗೆ.
ಜಾಮೀನಿಗೆ ರುಜು ಹಾಕಿದವಳು ನಾನು,
ಎರಡು ಕಡೆ, ಓದದೆ.
ಮಗು ಈಗ ಕುಕ್ಕರಿನ ಸೀಟಿಗೆ ತಿರುಗಿ ನೋಡುತ್ತದಂತೆ.
ತಾಯಿ ಯಾವ ಕಡೆ ತಿರುಗಿದಳೋ,
ಫೋನು ಸ್ವಿಚ್ ಆಫ್.
ಉಳಿದ ಕಂತಿಗೆ ಒಂದು ಕಾರ್ಡು,
ಆ ಕಾರ್ಡಿಗೆ ಇನ್ನೊಂದು ಕಾರ್ಡು,
ಆಮೇಲೆ ಫೋನಿನೊಳಗಿನ ಸಾಲದ ಆ್ಯಪು,
ಬಡ್ಡಿಗೆ ಭಾನುವಾರವೂ ಇಲ್ಲ.

ಎದೆಯ ಮೇಲೆ ಹೆಸರಿಲ್ಲದ ಅಧಿಕಾರಿ.
ಎರಡು ಚಹಾ ತರಿಸಿ, ನನ್ನದರ ಮೇಲೆ ಸಾಸರು ಮುಚ್ಚಿ,
“ಸಾಲ ಅಪರಾಧ ಅಲ್ಲಮ್ಮ.
ಸಾಲ ಇರೋರ ಹತ್ರ ಯಾರು ಬೇಕಾದ್ರೂ ಬಂದು ಮಾತಾಡಬಹುದು,
ಅದೇ ನಮ್ಮ ಚಿಂತೆ” ಅಂದರು.

“ಮಾತಾಡಿದ್ದಾರೆ ಸಾರ್.”

ಪೆನ್ನು ನಿಂತಿತು. “ಯಾರು?”

“ರಿಕವರಿಯವರು.
ನಾನು ಇಳಿಯೋ ಸ್ಟಾಪು ಅವರಿಗೆ ಗೊತ್ತು,
ಮಂಗಳವಾರ ರಾತ್ರಿ ಪಾಳಿ ಅಂತ ಗೊತ್ತು.
ನನ್ನ ತಮ್ಮನ ಹೆಂಡತಿ ನಂಬರಿದೆ ಅವರ ಹತ್ರ,
ಸೊಪ್ಪು ಮಾರೋ ಚನ್ನಬಸಮ್ಮಂದೂ ಇದೆ.
ನೀವು ಕೇಳಿರೋದು ಹತ್ತು ವರ್ಷದ ವಿಳಾಸ,
ಅವರು ಮದುವೆಗೆ ಮುಂಚಿನ ಮನೆಗೂ ಹೋಗಿ ಬಂದರು.”

ಅವರು ಕೆಮ್ಮಿದರು. ನಕ್ಕಿದ್ದೂ ಇರಬಹುದು.

“ಸರಿ. ಯಾವನೋ ಇಸ್ತ್ರಿ ಶರ್ಟಿನವನು ಬಂದು
ಎಲ್ಲಾ ನಾನು ತೀರಿಸ್ತೀನಿ,
ಒಂದೇ ಒಂದು ಹಾಳೆ ತೋರಿಸಿ ಸಾಕು, ಅಂದರೆ?”

ಫೆಬ್ರವರಿಯ ಆ ರಾತ್ರಿ ನೆನಪಾಯಿತು.
ಇಬ್ಬರು ನಮ್ಮ ಮೆಟ್ಟಿಲ ಮೇಲೆ ಕೂತು
ಹನ್ನೊಂದರವರೆಗೆ ಕಡ್ಲೆಕಾಯಿ ಸುಲಿದರು,
ಸಿಪ್ಪೆಯನ್ನು ನನ್ನ ಚಪ್ಪಲಿಯೊಳಗೆ ಹಾಕಿ ಹೋದರು.
ಆ ರಾತ್ರಿ ಇಸ್ತ್ರಿ ಶರ್ಟು ಬಂದಿದ್ದರೆ?
ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿ
ಬೇರೆ ಹೇಳಿದೆ:
“ತಪ್ಪೇ ಇಲ್ಲದ ಗೇಜು ಇವತ್ತಿನವರೆಗೆ ನಾನು ನೋಡಿಲ್ಲ ಸಾರ್.
ಎಷ್ಟು ತಪ್ಪು ಅಂತ ಸರ್ಟಿಫಿಕೇಟಲ್ಲಿ ಬರೆದರೆ
ಅದರಲ್ಲೇ ಅಳೀತೀವಿ.
ಬಚ್ಚಿಟ್ಟದ್ದನ್ನ ಮಾತ್ರ ಗುಜರಿಗೆ ಹಾಕ್ತೀವಿ.”

“ನೀವು ಗೇಜಲ್ಲಮ್ಮ” ಅಂದರು.
ಚೆನ್ನಾಗಿಯೇ ಅಂದರು.

ಮೂರು ಗೆರೆ ಸಾಲದೆ ಬೇರೆ ಹಾಳೆ ಲಗತ್ತಿಸಿದೆ.
ಚೀಟಿ, ಕಾರ್ಡು, ಕಾರ್ಡು, ಆ್ಯಪು,
ಚನ್ನಬಸಮ್ಮನ ಇನ್ನೂರ ನಲವತ್ತು ರೂಪಾಯಿ.

ಇದೆಲ್ಲ ಆಗಿ ಆರನೆಯ ದಿನ
ಬಸ್ಸಿನಲ್ಲಿ ಫೋನು ನಡುಗಿತು.
ಗೊತ್ತಿಲ್ಲದ ಖಾತೆ, ಎರಡು ಸಾವಿರ ಜಮಾ.
ಷರಾದ ಜಾಗದಲ್ಲಿ ಒಂದೇ ಪದ: ಕಿವಿ.

ಫಾರಮಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರ:
ಹಣಕಾಸಿನಲ್ಲಿ ಬದಲಾವಣೆಯಾದರೆ
ಹತ್ತು ದಿನದೊಳಗೆ ತಿಳಿಸತಕ್ಕದ್ದು.
ಮೊತ್ತ ಬರೆದೆ. ತಾರೀಖು ಬರೆದೆ.
‘ಯಾರಿಂದ’ ಎಂಬಲ್ಲಿಗೆ ಬಂದು,
ಗಂಗಮ್ಮನ ಗುಡಿ ಸ್ಟಾಪು ದಾಟಿದ್ದು ಗೊತ್ತಾಗದೆ,
ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಿದ್ದೇನೆ.